ಸಿಪಾಯಿಯ ಮನೆ ಯಾವ ಲೆಕ್ಕಕ್ಕೆ?

ಬಾಂಗ್ಸಾರಿನಲ್ಲಿ ನಾವಿರುವ ಕಾಂಡೋಮಿನಿಯಮ್ಮಿನ ಸಮಿತಿಗೆ ನಾನು ಖಜಾಂಚಿ. ಆಸೆಪಟ್ಟು ಆದದ್ದಲ್ಲ. ಸಿಎ ಓದಿದವನು ಎಂದು ಗೊತ್ತಾದ ಮೇಲೆ ಯಾವ ಸಂಘದವರೂ ಸುಮ್ಮನೆ ಬಿಡುವುದಿಲ್ಲ. ಕಳೆದ ಜುಲೈ ತಿಂಗಳ ಸಭೆಯಲ್ಲಿ ಎರಡು ವಿಷಯಗಳು ಒಂದರ ಹಿಂದೆ ಒಂದು ಬಂದವು. ಜುಲೈ 31 ಮಲೇಷ್ಯಾದಲ್ಲಿ 'ಹರಿ ಪಹ್ಲವಾನ್', ಯೋಧರ ದಿನ. (ನಮ್ಮ ಪೈಲ್ವಾನನೇ ಸಮುದ್ರ ದಾಟಿ ಇಲ್ಲಿ ಯೋಧನಾಗಿದ್ದಾನೆ.) ನಮ್ಮ ಗೇಟು ಕಾಯುವವರಲ್ಲಿ ಒಬ್ಬರು ಸೈನ್ಯದಲ್ಲಿದ್ದವರು, ಅವರಿಗೊಂದು ಹ್ಯಾಂಪರ್ ಕೊಡೋಣ ಎಂದು ಯಾರೋ ಹೇಳಿದರು. ಎಲ್ಲರೂ ಒಪ್ಪಿದರು. ಮುಂದಿನ ವಿಷಯ, ನೆಲಮಾಳಿಗೆಯಲ್ಲಿ ಗಾರ್ಡುಗಳು ಬೆನ್ನು ಚಾಚುವ ಕೋಣೆಯನ್ನು ಪಾರ್ಸೆಲ್ ಇಡಲು ತೆಗೆದುಕೊಳ್ಳುವುದು. ಅದಕ್ಕೂ ಎಲ್ಲರೂ ಒಪ್ಪಿದರು, ನಾನೂ ಒಪ್ಪಿದೆ. ಹ್ಯಾಂಪರಿನ ಮೊತ್ತವನ್ನು 'ದಾನ' ಎಂಬ ಖಾತೆಗೆ ಬರೆದು ಪುಸ್ತಕ ಮುಚ್ಚಿದೆ.

ಆ ಗಾರ್ಡನ್ನು ನಾನು 'ಪಾಕ್ ಚಿಕ್' ಎನ್ನುತ್ತೇನೆ, ಚಿಕ್ಕಪ್ಪ ಅಂದ ಹಾಗೆ. ಅವರು ನನ್ನನ್ನು 'ಬಾಸ್' ಎನ್ನುತ್ತಾರೆ. ಕೌಲಾಲಂಪುರದಲ್ಲಿ ಎಲ್ಲರೂ ಎಲ್ಲರಿಗೂ ಬಾಸ್. ಪೆರಾಕ್ ಕಡೆಯವರು. ಹದಿನೆಂಟಕ್ಕೆ ಸೇನೆ ಸೇರಿ, ತಂದೆ ಹಾಸಿಗೆ ಹಿಡಿದರೆಂದು ಹದಿಮೂರು ವರ್ಷಕ್ಕೇ ಬಿಟ್ಟು ಬಂದರು. ಇಲ್ಲಿ ಅಧಿಕಾರಿಯಲ್ಲದ ಸೈನಿಕನಿಗೆ ಪಿಂಚಣಿ ಬರಬೇಕಾದರೆ 21 ವರ್ಷ ಸೇವೆ ಆಗಬೇಕು. ಹಾಗಾಗಿ ಅವರಿಗೆ ಪಿಂಚಣಿ ಇಲ್ಲ. 1972ರಲ್ಲಿ ಶುರುವಾದ ಸೈನಿಕರ ಉಳಿತಾಯ ನಿಧಿಯೊಂದಿದೆ. ಸಿಪಾಯಿಯ ಸಂಬಳದಲ್ಲಿ ನೂರಕ್ಕೆ 10 ಹಿಡಿದು ಸರ್ಕಾರ 15 ಸೇರಿಸುವುದು ಈಗಿನ ಪದ್ಧತಿ. ಅದರಿಂದ ಬಂದದ್ದು ತಂದೆಯ ಔಷಧಿಗೂ ತಂಗಿಯರ ಮದುವೆಗೂ ಹೋಯಿತಂತೆ. ಈಗ ಪಂತಾಯ್ ದಾಲಮ್ಮಿನ ಫ್ಲ್ಯಾಟೊಂದರಲ್ಲಿ ಇನ್ನೊಬ್ಬ ಗಾರ್ಡಿನ ಜೊತೆ ಒಂದು ಕೋಣೆ. ಇವರು ಡ್ಯೂಟಿಗೆ ಬಂದಾಗ ಅವರು ಮಲಗುತ್ತಾರೆ, ಅವರು ಹೋದಾಗ ಇವರು. ಸ್ವಂತ ಮನೆ ಮಾಡಿಕೊಳ್ಳಲಿಲ್ಲವೇ ಎಂದು ಕೇಳಿದ್ದಕ್ಕೆ ನಕ್ಕರು. "ಯಾವಾಗ ಮಾಡಲಿ ಬಾಸ್? ಸೇನೆಯಲ್ಲಿದ್ದಾಗ ಮನೆ ಕೊಟ್ಟಿದ್ದರಲ್ಲ."

ಈ ಮಾತು ನನಗೆ ದೊಡ್ಡಪ್ಪನನ್ನು ನೆನಪಿಗೆ ತಂದಿತು. ನಮ್ಮದು ಅರಕಲಗೂಡು ಕಡೆ. ದೊಡ್ಡಪ್ಪ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ ತರಬೇತಿ ಪಡೆದು, ಹವಾಲ್ದಾರರಾಗಿ 41ನೇ ವಯಸ್ಸಿಗೆ ನಿವೃತ್ತರಾದವರು. ಕಬ್ಬಿಣದ ಟ್ರಂಕು, ಹೋಲ್ಡಾಲು, ಇಬ್ಬರು ಮಕ್ಕಳೊಂದಿಗೆ ಊರಿಗೆ ಬಂದರು. ಪಿಂಚಣಿ ಇತ್ತು, ಮನೆ ಇರಲಿಲ್ಲ. ನಮ್ಮ ಮನೆಯ ಪಕ್ಕದ ಕೊಟ್ಟಿಗೆಯನ್ನು ಸರಿಮಾಡಿಕೊಂಡು ಇದ್ದರು. ಸರ್ಕಾರಿ ಜಮೀನು ಮಂಜೂರು ಮಾಡುವಾಗ ಮಾಜಿ ಸೈನಿಕರಿಗೊಂದು ಪಾಲು ಮೀಸಲಿಡಬೇಕೆಂದು ಕರ್ನಾಟಕದ 1969ರ ನಿಯಮಗಳಲ್ಲಿದೆ. ಆ ಪಾಲಿಗೆ ದೊಡ್ಡಪ್ಪ ದರಖಾಸ್ತು ಹಾಕಿದರು. ಡಿಸ್ಚಾರ್ಜ್ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಕಚೇರಿಗೆ ಅಲೆದರು. ಕಡತ ಸರ್ವೆಯವರ ಹತ್ತಿರ ಇದೆ, ಸಾಹೇಬರು ರಜೆ, ಆ ಗೋಮಾಳದಲ್ಲಿ ಈಗ ಬೇರೆಯವರು ಉತ್ತಿದ್ದಾರೆ. ಆದರೆ ಆಗಸ್ಟ್ 15ಕ್ಕೆ ಮಾತ್ರ ತಪ್ಪದೆ ವೇದಿಕೆಗೆ ಕರೆದು ಶಾಲು ಹೊದಿಸುತ್ತಿದ್ದರು. ಮೂರನೇ ಶಾಲು ಬಂದ ರಾತ್ರಿ ಅವರು ನನ್ನಪ್ಪನಿಗೆ ಹೇಳಿದ್ದು ನನಗಿನ್ನೂ ಕೇಳಿಸುತ್ತದೆ: "ಹೊದ್ಕೊಳಕ್ಕೆ ಕೊಡ್ತಾರೆ ಕಣಯ್ಯ, ಮಲ್ಗಕ್ಕೆ ಜಾಗ ಎಲ್ಲಿ?"

ಸಿಪಾಯಿಗೆ ಕೊಡುವ ಮನೆಯನ್ನು ಜಗತ್ತಿನಲ್ಲಿ ಹೆಚ್ಚಿನವರು ಕೃತಜ್ಞತೆಯ ಖಾತೆಗೆ ಬರೆಯುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಕೃತಜ್ಞತೆ ಕೊಡುವವನ ಮನಸ್ಸಿಗೆ ಬಿಟ್ಟದ್ದು. ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ಅವನೇ ತೀರ್ಮಾನಿಸುತ್ತಾನೆ. ಅಮೆರಿಕದಲ್ಲಿ 1944ರ ಜಿಐ ಬಿಲ್ ಯುದ್ಧದಿಂದ ಮರಳಿದವರಿಗೆ ಮನೆ ಸಾಲಕ್ಕೆ ಸರ್ಕಾರದ ಖಾತರಿ ಕೊಟ್ಟಿತು. ಲಕ್ಷಾಂತರ ಕುಟುಂಬಗಳು ಸೂರು ಕಂಡವು. ಆದರೆ ಸಾಲ ಕೊಡುವವನು ಊರಿನ ಬ್ಯಾಂಕಿನವನು. 1947ರಲ್ಲಿ ಮಿಸಿಸಿಪಿಯ 13 ಪಟ್ಟಣಗಳಲ್ಲಿ ಎಣಿಸಿ ನೋಡಿದಾಗ, ಇಂಥ ಖಾತರಿಯ 3,229 ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡು. ಮುಂಬೈಯ ಕೊಲಾಬಾದಲ್ಲಿ ಕಾರ್ಗಿಲ್ ಯೋಧರ ಹೆಸರು ತಳುಕು ಹಾಕಿಕೊಂಡು 31 ಅಂತಸ್ತು ಎದ್ದ ಆದರ್ಶ್ ಸೊಸೈಟಿಯಲ್ಲಿ ಯಾರ್ಯಾರಿಗೆ ಫ್ಲ್ಯಾಟ್ ಹೋಯಿತು, ಯಾವ ಮುಖ್ಯಮಂತ್ರಿ 2010ರಲ್ಲಿ ರಾಜೀನಾಮೆ ಕೊಟ್ಟರು ಎಂಬುದನ್ನು ಮತ್ತೆ ಹೇಳಬೇಕಿಲ್ಲ.

ನಮ್ಮ ಪಕ್ಕದ ಕೊಡಗಿನಲ್ಲಿ ಬೇರೆಯದೇ ಲೆಕ್ಕವಿತ್ತು. ಅಲ್ಲಿನ ಜಮ್ಮಾ ಭೂಮಿ ಬಹುಮಾನವಲ್ಲ. ಅರಸ ಕರೆದಾಗ ಆಯುಧ ಹಿಡಿದು ಬರಬೇಕು ಎಂಬ ಕರಾರಿನ ಮೇಲೆ ಮನೆತನಕ್ಕೆ ಕೊಟ್ಟ ಭೂಮಿ. ಕಂದಾಯ ಸಾಗು ಭೂಮಿಯ ಅರ್ಧ. 1834ರಲ್ಲಿ ಕೊಡಗು ಇಂಗ್ಲಿಷರ ಕೈಗೆ ಹೋದ ಮೇಲೂ ಆ ಪದ್ಧತಿ ಉಳಿಯಿತು. ಅದರಲ್ಲಿ ಸುಖವಷ್ಟೇ ಇರಲಿಲ್ಲ, ಭೂಮಿಯನ್ನು ಮಾರುವಂತಿರಲಿಲ್ಲ, ಮಗ ಹುಟ್ಟುವಾಗಲೇ ಸಿಪಾಯಿ. ಆದರೂ ಎರಡೂ ಕಡೆಯವರಿಗೆ ಕೊಟ್ಟದ್ದೇನು, ಪಡೆದದ್ದೇನು ಎಂದು ಗೊತ್ತಿತ್ತು. ಶಾಲು ಹೊದಿಸಿ ಕಳಿಸುವ ಪ್ರಶ್ನೆ ಬರುತ್ತಿರಲಿಲ್ಲ.

ನಮ್ಮ ವೃತ್ತಿಯಲ್ಲಿ ಒಂದು ನಿಯಮವಿದೆ. ನೌಕರನಿಗೆ ನಿವೃತ್ತಿಯ ನಂತರ ಕೊಡಬೇಕಾದದ್ದು ಕೊಡುವ ದಿನ ಹುಟ್ಟುವ ಖರ್ಚಲ್ಲ; ಅವನು ದುಡಿದ ಪ್ರತಿ ವರ್ಷವೂ ಅದರ ಒಂದೊಂದು ತುಣುಕು ಬಾಕಿಯಾಗಿ ನಮ್ಮ ಪುಸ್ತಕಕ್ಕೆ ಬಂದಿರಬೇಕು. ಹಾಗಾದರೆ ಸಿಪಾಯಿಯ ಮನೆಯ ಬಾಕಿ ಹುಟ್ಟುವುದು ಯಾವುದರಿಂದ? ಪ್ರಾಣ ಪಣಕ್ಕಿಟ್ಟದ್ದರಿಂದ ಎಂದು ಸಾಮಾನ್ಯವಾಗಿ ಹೇಳುತ್ತೇವೆ. ನನಗದು ಸಾಲದು. ಮೂವತ್ತು ವರ್ಷ ಗುಂಡಿನ ಸದ್ದು ಕೇಳದ ಸೇನೆಯ ಅಡುಗೆಯವನಿಗೆ ಆಗ ಏನೂ ಇಲ್ಲ. ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ನಿಗೆ, ಮ್ಯಾನ್‌ಹೋಲಿಗೆ ಇಳಿಯುವವನಿಗೆ ಪ್ರಾಣ ಇಲ್ಲವೇ?

ಪಾಕ್ ಚಿಕ್ ನಗುತ್ತಾ ಹೇಳಿದ್ದರಲ್ಲೇ ಉತ್ತರವಿತ್ತು. ಸೇನೆ ಸಿಪಾಯಿಗೆ ಕ್ವಾರ್ಟರ್ಸ್ ಕೊಡುವುದು ಅವನ ಸುಖಕ್ಕಲ್ಲ. ಇಂದು ಇಲ್ಲಿ, ನಾಳೆ ಗಡಿಯಲ್ಲಿ ಎಂದರೆ ಎದ್ದು ಹೊರಡಲು ಅವನಿಗೆ ಬೇರು ಇರಬಾರದು. ಬೇರೆಯವರು ಸೈಟು ಹುಡುಕುವ, ಕಂತು ಕಟ್ಟುವ, ನೆರೆಹೊರೆ ಕಟ್ಟಿಕೊಳ್ಳುವ ಇಪ್ಪತ್ತು ವರ್ಷ ಅವನು ಟ್ರಂಕು ಕಟ್ಟುತ್ತಿರುತ್ತಾನೆ. ನಾನು ಬಾಂಗ್ಸಾರಿನ ಈ ಮನೆಯ ಮೊದಲ ಕಂತು ಕಟ್ಟಿದಾಗ ನನಗೆ ಮೂವತ್ತನಾಲ್ಕು; ಆ ವಯಸ್ಸಿನಲ್ಲಿ ದೊಡ್ಡಪ್ಪ ಮೂರನೆಯದೋ ನಾಲ್ಕನೆಯದೋ ಕಂಟೋನ್ಮೆಂಟಿನಲ್ಲಿದ್ದರು. ಕ್ವಾರ್ಟರ್ಸ್ ಖಾಲಿ ಮಾಡಿಸಿದ ದಿನ ಸರ್ಕಾರ ಅವರಿಂದ ವಾಪಸು ಪಡೆದದ್ದು ಬರೀ ಬೀಗದ ಕೈಯಲ್ಲ, ಆ ಇಪ್ಪತ್ತು ವರ್ಷಗಳನ್ನು. ಇದು ಶೌರ್ಯದ ಲೆಕ್ಕವಲ್ಲ. ಆದ್ದರಿಂದ ಹದಿಮೂರು ವರ್ಷ ಇದ್ದವನಿಗೆ ಹದಿಮೂರು ವರ್ಷದ್ದು ಸಲ್ಲಬೇಕು. ಇಪ್ಪತ್ತೊಂದು ಮುಟ್ಟದಿದ್ದರೆ ಏನೂ ಇಲ್ಲ ಎನ್ನುವುದು ಬಾಕಿ ತೀರಿಸುವ ರೀತಿಯಲ್ಲ.

ಈ ಲೆಕ್ಕ ನನಗೆ ಇಷ್ಟವಿಲ್ಲದ ಕಡೆಗೂ ಎಳೆಯುತ್ತದೆ. 2022ರ ಅಗ್ನಿಪಥದಲ್ಲಿ ನಾಲ್ಕೇ ವರ್ಷ, ನೂರರಲ್ಲಿ 25 ಮಂದಿಯಷ್ಟೇ ಉಳಿಯುವುದು, ಉಳಿದವರಿಗೆ ಪಿಂಚಣಿ ಇಲ್ಲ, ಕೈಗೆ ಸುಮಾರು 11.71 ಲಕ್ಷ, ಅದರಲ್ಲೂ ಅರ್ಧ ಅವರದೇ ಸಂಬಳದಿಂದ ಹಿಡಿದದ್ದು. ಆ ಹುಡುಗರನ್ನು ಕಂಡರೆ ಹೊಟ್ಟೆ ಚುರುಕ್ಕೆನ್ನುತ್ತದೆ. ಆದರೂ ಇಪ್ಪತ್ತೆರಡಕ್ಕೆ ಹೊರಬಂದವನು ಮನೆ ಕಟ್ಟುವ ವರ್ಷಗಳನ್ನು ಕಳೆದುಕೊಂಡಿಲ್ಲ. ಅವನ ದೂರು ಬೇರೆ, ಅದು ನೌಕರಿಯ ದೂರು. ಮನೆಯ ಖಾತೆಯಲ್ಲಿ ಅವನ ಬಾಕಿ ಚಿಕ್ಕದೇ ಎಂದು ಒಪ್ಪಬೇಕಾಗುತ್ತದೆ.

ಇದನ್ನೆಲ್ಲ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದೆ. ಅವಳು ಕೊಡಗಿನ ಸಿದ್ದಾಪುರದ ಕಡೆಯವಳು, ಅವಳಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದವರು. ಸಾರು ಬಡಿಸುತ್ತಾ ಕೇಳಿದಳು: "ಹಾಗಾದ್ರೆ ರೀ, ಲೈನ್ ಮನೆಯವರು?"

ನಾನು ಬಾಯಿ ಮುಚ್ಚಿದೆ. ಎಸ್ಟೇಟಿನ ಸಾಲು ಮನೆಗಳಲ್ಲಿ ಮೂರು ತಲೆಮಾರು ಕಳೆದವರು, ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕಾದವರು. ಸಿದ್ದಾಪುರದ ಹತ್ತಿರದ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳನ್ನು 2016ರ ಡಿಸೆಂಬರಿನಲ್ಲಿ ಎಬ್ಬಿಸಿದರಲ್ಲ, ಅವರಲ್ಲಿ ಬಹಳಷ್ಟು ಮಂದಿ ಬಂದದ್ದು ಲೈನ್ ಮನೆಗಳಿಂದಲೇ. ದೊಡ್ಡ ಹೋರಾಟವಾದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಸಿಕ್ಕಿತು. ಜಮ್ಮಾದ ಲೆಕ್ಕ ಅಷ್ಟು ನೇರವಾಗಿದ್ದ ಜಿಲ್ಲೆ ಅದೇ. ಇನ್ನು ಬಾಂಗ್ಸಾರ್? ಈ ಹೆಸರೇ ಬುಂಗೆ, ಗ್ರಿಸಾರ್ ಎಂಬಿಬ್ಬರ ರಬ್ಬರ್ ಎಸ್ಟೇಟಿನದು. ರಬ್ಬರಿನ ಹಾಲು ಇಳಿಸುತ್ತಿದ್ದವರ ಸಾಲು ಮನೆಗಳಿದ್ದ ನೆಲದ ಮೇಲೆ ಈಗ ನನ್ನ ಈಜುಕೊಳವಿದ್ದರೂ ಇರಬಹುದು.

ಕ್ವಾರ್ಟರ್ಸ್ ಕೊಟ್ಟು ಬೇರು ಕಿತ್ತವನು ಬೇರಿನ ಬೆಲೆ ಕೊಡಬೇಕು ಎಂದ ಮೇಲೆ ಸಿಪಾಯಿಯಲ್ಲೇ ನಿಲ್ಲಲು ನನಗೆ ಕಾರಣ ಸಿಗುತ್ತಿಲ್ಲ. ಎಸ್ಟೇಟಿನವನಿಗೆ ಕೊಡಬೇಕಾದವರು ಯಾರು, ಕಂಪನಿಯೋ, ಸರ್ಕಾರವೋ, ಆಮೇಲೆ ಆ ನೆಲ ಕೊಂಡ ನನ್ನಂಥವರೋ, ಅದು ಇನ್ನೂ ಬಗೆಹರಿದಿಲ್ಲ.

ಹ್ಯಾಂಪರಿನ ಮೊತ್ತವನ್ನು 'ದಾನ'ದಿಂದ ತೆಗೆದು 'ಕಾವಲು ವೆಚ್ಚ'ಕ್ಕೆ ಹಾಕಿದ್ದೇನೆ. ನೆಲಮಾಳಿಗೆಯ ಕೋಣೆಯ ವಿಷಯವನ್ನು ಮುಂದಿನ ಸಭೆಯ ಪಟ್ಟಿಗೆ ಮತ್ತೆ ಸೇರಿಸಿದಾಗ ಅಧ್ಯಕ್ಷರು, ಪಾರ್ಸೆಲ್ಲುಗಳನ್ನು ಎಲ್ಲಿಡೋಣ ಎಂದು ಕೇಳಿದರು. ಅಗತ್ಯವಾದರೆ ನನ್ನ ಎರಡನೇ ಪಾರ್ಕಿಂಗ್ ಜಾಗದಲ್ಲಿ ಎಂದಿದ್ದೇನೆ; ಮನೆಯಲ್ಲಿ ಇನ್ನೂ ಹೇಳಿಲ್ಲ. 31ರಂದು ಪಾಕ್ ಚಿಕ್‌ಗೆ ಹ್ಯಾಂಪರ್ ಕೊಟ್ಟಾಗ ಎಲ್ಲರ ಜೊತೆ ಫೋಟೋ ಆಯಿತು. ಆಮೇಲೆ ಅವರು ಲಿಫ್ಟಿನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಬಾಸ್, ಇದು ದೊಡ್ಡದಿದೆ. ಕೋಣೆಯಲ್ಲಿ ಇಡಲು ಜಾಗವಿಲ್ಲ. ಊರಿಗೆ ಹೋಗುವ ತನಕ ನಿಮ್ಮ ಮನೆಯಲ್ಲಿ ಇಟ್ಟಿರುತ್ತೀರಾ?" ನಮ್ಮ ಚಪ್ಪಲಿ ಗೂಡಿನ ಪಕ್ಕದಲ್ಲಿ ಅದು ಇನ್ನೂ ಇದೆ.