ಬೇಕು–ಬೇಡಗಳ ವಿವೇಕ



ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯ ಬದಿಯ ಬರ್ಗರ್ ಅಂಗಡಿಗಳಿಗೆ ಈಗ ನಮ್ಮ ಮನೆಗಳ ಮಕ್ಕಳೂ ಹೋಗುತ್ತಾರೆ. "ಈರುಳ್ಳಿ ಬೇಡ, ಟೊಮೆಟೊ ಬೇಡ, ಚೀಸ್ ಜಾಸ್ತಿ ಇರಲಿ, ಫ್ರೈಸ್‌ಗೆ ಉಪ್ಪು ಹಾಕಬೇಡಿ" ಎಂದು ಹೇಳಿ ಮಾಡಿಸಿಕೊಳ್ಳುತ್ತಾರೆ. ಹಿರಿಯರಿಗೆ ಇದು ಸರಿಕಾಣುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಬಡಿಸಿದ್ದನ್ನು ಪ್ರಸಾದವೆಂದು ಉಂಡು ಏಳುವವರು ನಾವು. ಅನ್ನಕ್ಕೆ ಇಷ್ಟೊಂದು ಷರತ್ತು ಹಾಕುವುದು ಅಹಂಕಾರವಲ್ಲವೇ ಎಂದು ಅವರು ಕೇಳುತ್ತಾರೆ. ಯೋಚಿಸತಕ್ಕ ಪ್ರಶ್ನೆಯೇ ಇದು.

ಅಮೆರಿಕದ ಬರ್ಗರ್ ಕಿಂಗ್ ಸಂಸ್ಥೆಯು 1974ರಲ್ಲಿ, ನಿಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳಿ ಎಂಬ ಅರ್ಥದ ಜಾಹೀರಾತಿನಿಂದ ಗಿರಾಕಿಗಳನ್ನು ಸೆಳೆಯಿತು. ಅದು ವ್ಯಾಪಾರದ ಜಾಣ್ಮೆ. ಆದರೆ ಬೇಡ ಎನ್ನುವುದೆಲ್ಲ ನಾಲಿಗೆಯ ಚಪಲವಲ್ಲ. 1996ರಲ್ಲಿ ಮೆಕ್‌ಡೊನಾಲ್ಡ್ಸ್ ದೆಹಲಿಯಲ್ಲಿ ಅಂಗಡಿ ತೆರೆದಾಗ ಗೋಮಾಂಸವನ್ನು ಬಿಟ್ಟೇ ಬಂದಿತು. ಇಲ್ಲಿಯ ಜನರ ಆಚಾರಕ್ಕೆ ಅಷ್ಟು ದೊಡ್ಡ ಕಂಪನಿಯೂ ತಲೆಬಾಗಿತು.

ಅದೇ ಸಂಸ್ಥೆ 1990ರಲ್ಲಿ ಅಮೆರಿಕದಲ್ಲಿ ಫ್ರೈಸ್ ಕರಿಯಲು ದನದ ಕೊಬ್ಬನ್ನು ಬಿಟ್ಟು ಸಸ್ಯದ ಎಣ್ಣೆಗೆ ಬದಲಾಯಿತು. ಸಸ್ಯಾಹಾರಿಗಳು ನಂಬಿ ತಿಂದರು. ರುಚಿಗಾಗಿ ಅದರಲ್ಲಿ ಗೋಮಾಂಸದ ಸಾರ ಸೇರಿದೆಯೆಂದು ತಿಳಿದಾಗ 2001ರಲ್ಲಿ ಮೊಕದ್ದಮೆ ನಡೆಯಿತು. 2002ರಲ್ಲಿ ಕಂಪನಿಯು ಕ್ಷಮೆ ಕೇಳಿ, 1 ಕೋಟಿ ಡಾಲರ್ ಕೊಡಲು ಒಪ್ಪಿತು. ಭಾರತದ ಅಂಗಡಿಗಳಲ್ಲಿ ಅದನ್ನು ಬಳಸುತ್ತಿಲ್ಲವೆಂದೂ ತಿಳಿಸಿತು. ಬರೀ ಆಲೂಗಡ್ಡೆ ತಾನೇ ಎಂದು ಸುಮ್ಮನಿದ್ದುದರ ಫಲ ಅದು.

ಆದುದರಿಂದ ನಿಯಮವುಳ್ಳವನು ಕೇಳಲು ನಾಚಬಾರದು. ಮಯೋನೀಸ್ ಮೂಲತಃ ಮೊಟ್ಟೆಯಿಂದ ಮಾಡುವ ಪದಾರ್ಥ, ಮೊಟ್ಟೆಯಿಲ್ಲದ್ದೂ ಉಂಟು. ಇದು ಯಾವುದು? ಕೋಳಿ ಕರಿದ ಎಣ್ಣೆಯಲ್ಲೇ ಫ್ರೈಸ್ ಕರಿಯುತ್ತೀರಾ? ಇಷ್ಟನ್ನು ವಿಚಾರಿಸದೆ ಈರುಳ್ಳಿಯನ್ನಷ್ಟೇ ಬೇಡವೆಂದರೆ ಅದು ನಿಯಮವಲ್ಲ, ಬರೀ ರುಚಿ.

ಹಾಗೆಂದು ರುಚಿಯ ಮಾತು ಪಾಪವೇ? ಅಲ್ಲ. ರಾಯಕೋಟೆಯ ಮಂಡಿಗೆ ಟೊಮೆಟೊ ಹಾಕುವ ರೈತನನ್ನು ಕೇಳಿ ನೋಡಿ. ಬೆಲೆ ಬಿದ್ದಾಗ ಬೆಳೆಯನ್ನು ರಸ್ತೆಗೆ ಸುರಿಯುವ ಸಂಕಟ ಅವನಿಗೆ ಗೊತ್ತು. ಮಗು ಬರ್ಗರ್ ಬಿಡಿಸಿ ಟೊಮೆಟೊ ಬಿಲ್ಲೆಯನ್ನು ಬುಟ್ಟಿಗೆ ಎಸೆದರೆ ಅವನ ಹೊಟ್ಟೆ ಉರಿಯುತ್ತದೆ. ಎಸೆಯುವುದಕ್ಕಿಂತ ಮೊದಲೇ ಬೇಡವೆನ್ನುವುದು ಲೇಸು. ಆದರೆ ಜಾಸ್ತಿ ಬೇಕೆಂದು ಹಾಕಿಸಿಕೊಂಡು ಅರ್ಧ ಬಿಟ್ಟು ಏಳುವುದು ಅನ್ನಕ್ಕೆ ಮಾಡುವ ಅಪಚಾರ. ಕೇಳುವ ಹಕ್ಕು ಇರುವವನಿಗೆ ಕೇಳಿದ್ದನ್ನು ಪೂರ್ತಿ ತಿನ್ನುವ ಹೊಣೆಯೂ ಉಂಟು.

ಇನ್ನೊಂದು ಮಾತು. ಅಲ್ಲಿ ನಿಂತು ಮಾಡಿಕೊಡುವವರೂ ನಮ್ಮ ನಿಮ್ಮಂಥವರ ಮಕ್ಕಳೇ. ಹಣ ಕೊಟ್ಟೆವೆಂದು ಗದರುವುದು ತರವಲ್ಲ. ಅದೂ ಒಂದು ಕಾಯಕ. ನಮಗಾಗಿ ಬೇರೆಯಾಗಿ ಮಾಡುವಾಗ ನಾಲ್ಕು ನಿಮಿಷ ಕಾಯುವ ತಾಳ್ಮೆ ಇರಲಿ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯ ಎರಡು ಮಾತೂ ಆ ಅಂಗಡಿಯ ಬಾಗಿಲಲ್ಲಿ ನೆನಪಿಗೆ ಬರಬೇಕು. ಮಕ್ಕಳನ್ನು ಹೋಗಬೇಡಿರೆಂದು ತಡೆಯುವುದು ಕಷ್ಟ. ಏನನ್ನು, ಏಕೆ ಬೇಡವೆನ್ನುತ್ತೇವೆ ಎಂಬುದನ್ನು ಮನೆಯಲ್ಲೇ ತಿಳಿಸಿ ಕಳುಹಿಸೋಣ.