ಜಗನ್ನಾಥನ ರಾಜ್ಯ, ದೊರೆಯ ಸೇವೆ

ಕಳಿಂಗ, ಉತ್ಕಲಗಳನ್ನು ಆಳಿದ ಪೂರ್ವ ಗಂಗವಂಶದ ಮೂರನೆಯ ಅನಂಗಭೀಮದೇವನು 1230ರ ಸುಮಾರಿಗೆ ತನ್ನ ರಾಜ್ಯವನ್ನು ಪುರಿಯ ಪುರುಷೋತ್ತಮನಿಗೆ, ಅಂದರೆ ಜಗನ್ನಾಥನಿಗೆ, ಒಪ್ಪಿಸಿದನು. ಅಲ್ಲಿಂದ ಮುಂದೆ ನಾಡಿಗೆ ಅರಸ ಜಗನ್ನಾಥ. ಅನಂಗಭೀಮ ಆತನ ಅಪ್ಪಣೆಯಲ್ಲಿ ಆಳುವ ರಾವುತ. ಸೋತವನು ಗೆದ್ದವನಿಗೆ ನಾಡೊಪ್ಪಿಸಿ ಸಾಮಂತನಾಗುವುದು ಆ ಕಾಲದಲ್ಲಿ ಹೊಸದಲ್ಲ. ಬಂಗಾಳದ ಕಡೆಯಿಂದ ಬಂದ ದಂಡನ್ನು ಎದುರಿಸಿ ನಿಂತ ದೊರೆಯೊಬ್ಬ ತಾನಾಗಿಯೇ ಸಾಮಂತನಾದದ್ದು ಅಪೂರ್ವ.

ಈ ಗಂಗರ ತಾಮ್ರಶಾಸನಗಳು ವಂಶದ ಮೂಲವನ್ನು ಗಂಗವಾಡಿಯ ಕೋಲಾಹಲಪುರಕ್ಕೆ, ಅಂದರೆ ಇಂದಿನ ಕೋಲಾರಕ್ಕೆ, ಒಯ್ಯುತ್ತವೆ. ಮೊದಲಿಗೆ ಅವರ ಕುಲದೈವ ಮಹೇಂದ್ರಗಿರಿಯ ಗೋಕರ್ಣೇಶ್ವರ. ಪುರಿಯ ಮಹಾದೇಗುಲಕ್ಕೆ ಹನ್ನೆರಡನೆಯ ಶತಮಾನದಲ್ಲಿ ಕೈಹಾಕಿದವನು ಅನಂತವರ್ಮ ಚೋಡಗಂಗ. ಅವನು ದೇವರಿಗೆ ಮನೆ ಕಟ್ಟಿಸಿದ. ಅನಂಗಭೀಮ ನಾಡನ್ನೇ ಕೊಟ್ಟ.

ಇದಕ್ಕೆ ಮೇಲ್ಪಂಕ್ತಿ ರಾಮಾಯಣದಲ್ಲಿದೆ. ಭರತನು ರಾಮನ ಪಾದುಕೆಗಳನ್ನು ಸಿಂಹಾಸನದ ಮೇಲಿರಿಸಿ ನಂದಿಗ್ರಾಮದಿಂದ ಹದಿನಾಲ್ಕು ವರ್ಷ ರಾಜ್ಯ ನಡೆಸಿದನು. ಕೆಲಸವೆಲ್ಲ ಅವನದು, ಒಡೆತನ ರಾಮನದು. ಶ್ರೀವೈಷ್ಣವ ಆಚಾರ್ಯರು ಹೇಳುವ ಶೇಷ-ಶೇಷಿ ಭಾವವೂ ಇದೇ: ಜೀವ ಭಗವಂತನ ಸೊತ್ತು. ಶರಣಾಗತನು ತನ್ನದನ್ನು ಕೊಡುವುದಿಲ್ಲ, ಎಂದೂ ಅವನದೇ ಆಗಿದ್ದುದನ್ನು ಹಾಗೆಂದು ಒಪ್ಪಿಕೊಳ್ಳುತ್ತಾನೆ.

ಈ ಸಮರ್ಪಣೆಯಲ್ಲಿ ರಾಜನೀತಿಯೂ ಇತ್ತು. ಬೇರೆಬೇರೆ ಸೀಮೆಗಳು ಒಬ್ಬ ದೇವರ ಹೆಸರಿನಲ್ಲಿ ಒಂದಾದವು, ದೊರೆಯ ಮಾತಿಗೆ ದೇವರಾಜ್ಞೆಯ ತೂಕ ಬಂತು. ಹದಿನೈದನೆಯ ಶತಮಾನದ ಸೂರ್ಯವಂಶದ ಗಜಪತಿ ಕಪಿಲೇಂದ್ರದೇವನು ತನ್ನ ಆಜ್ಞೆಯನ್ನು ಮೀರಿದವರು ಜಗನ್ನಾಥನಿಗೆ ದ್ರೋಹ ಬಗೆದಂತೆ ಎಂದು ದೇಗುಲದ ಗೋಡೆಯ ಮೇಲೆಯೇ ಬರೆಸಿದನು. ಶರಣಾಗತಿ ಇಲ್ಲಿ ದಾರಿ ತಪ್ಪಿತು. ಸೇವಕನು ಒಡೆಯನ ಹೆಸರನ್ನು ತನ್ನ ರಕ್ಷಣೆಗೆ ಬಳಸಿಕೊಂಡರೆ ಅದು ಸಮರ್ಪಣೆ ಎನಿಸಲಾರದು.

ದೊರೆ ದೇವರ ಸೇವಕನೆಂಬುದಕ್ಕೆ ಶಾಸನಕ್ಕಿಂತ ಗಟ್ಟಿಯಾದ ಸಾಕ್ಷಿ ಪುರಿಯ ಛೇರಾ ಪಹಂರಾ ಸೇವೆ. ರಥಯಾತ್ರೆಯ ದಿನ ಗಜಪತಿ ಬಿರುದಿನ ದೊರೆ ಪಲ್ಲಕ್ಕಿಯಲ್ಲಿ ಬಂದು, ಮೂರು ರಥಗಳನ್ನೂ ಏರಿ, ಚಿನ್ನದ ಹಿಡಿಯ ಪೊರಕೆಯಿಂದ ಗುಡಿಸಿ ಗಂಧೋದಕ ಚಿಮುಕಿಸುತ್ತಾನೆ. ಕಪಿಲೇಂದ್ರನ ಮಗ ಪುರುಷೋತ್ತಮದೇವನಿಗೆ ಮಗಳು ಪದ್ಮಾವತಿಯನ್ನು ಕೊಡಲು ಕಂಚಿಯ ಅರಸ ಒಪ್ಪಲಿಲ್ಲ, ಕಸ ಗುಡಿಸುವವನು ಅಳಿಯನಾಗಬಾರದೆಂದ, ಎಂಬ ಐತಿಹ್ಯ ಒಡಿಶಾದಲ್ಲಿ ಮನೆಮಾತು. ಕೆರಳಿದ ಪುರುಷೋತ್ತಮ ಕಂಚಿಯನ್ನು ಗೆದ್ದು, ಅವಳನ್ನು ಕಸ ಗುಡಿಸುವವನಿಗೇ ಮದುವೆ ಮಾಡಿಸುವಂತೆ ಮಂತ್ರಿಗೆ ಅಪ್ಪಣೆ ಕೊಟ್ಟ. ಮಂತ್ರಿ ರಥಯಾತ್ರೆಯವರೆಗೆ ಕಾದು, ಪೊರಕೆ ಹಿಡಿದು ನಿಂತ ದೊರೆಯ ಕೈಗೇ ಅವಳನ್ನು ಒಪ್ಪಿಸಿದ. ಹಗೆಯಿಂದ ಹೊರಟ ಮಾತನ್ನು ಆ ಮಂತ್ರಿ ಮಂಗಳಕ್ಕೆ ತಿರುಗಿಸಿದ. ಸೇವೆಯನ್ನು ಹೀನವೆಂದು ಕಂಡವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಈ ಭಾವ ಪುರಿಗೆ ಮಾತ್ರ ಸೀಮಿತವಲ್ಲ. ವಿಜಯನಗರದ ಸಂಗಮ ಅರಸರು ಶಾಸನಗಳ ಕೊನೆಗೆ ಸ್ವಂತ ಹೆಸರಿನ ಬದಲು ಕನ್ನಡ ಲಿಪಿಯಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಅಂಕಿತ ಹಾಕುತ್ತಿದ್ದರು. ತಿರುವಾಂಕೂರಿನ ಮಾರ್ತಾಂಡವರ್ಮ 1750ರಲ್ಲಿ ರಾಜ್ಯವನ್ನು ಅನಂತಪದ್ಮನಾಭನಿಗೆ ಅರ್ಪಿಸಿ ಪದ್ಮನಾಭದಾಸನಾದ.

ಪುರಿಯ ದೇಗುಲದ ಆಡಳಿತ ಈಗ 1955ರ ಕಾಯಿದೆಯಂತೆ ರಚನೆಯಾದ ಸಮಿತಿಯದು. ಗಜಪತಿ ಮನೆತನದವರಿಗೆ ಆಳಲು ನಾಡಿಲ್ಲ. ರಥ ಗುಡಿಸುವ ಸೇವೆ ಇಂದಿಗೂ ಅವರದೇ.