ಆ ಸಾಲು ಯಾರದ್ದು?

ಬೇರೆಯವರು ಬರೆದದ್ದನ್ನು ತಿದ್ದೋದೇ ನನ್ನ ಹೊಟ್ಟೆಪಾಡು. ಜಾಹೀರಾತಿನ ಸಾಲು, ಆ್ಯಪ್‌ನ ಸೂಚನೆ, ಬಾಸ್‌ನ ಭಾಷಣ, ಎಲ್ಲಕ್ಕೂ ಪಾಲಿಶ್ ಹಾಕ್ತೀನಿ. ಅದಕ್ಕೇ ಇರಬೇಕು, ಸಂಗೀತ ಚಿಕಿತ್ಸೆಯಲ್ಲಿ ರೋಗಿಗಳಿಂದ ಹಾಡು ಬರೆಸ್ತಾರೆ ಅಂತ ಓದಿದಾಗ ನನಗೆ ಮೊದಲು ಹೊಳೆದ ಪ್ರಶ್ನೆ ಇದು: ಸಾಲು ಚೆನ್ನಾಗಿಲ್ಲದಿದ್ರೆ ತಿದ್ದಬಹುದಾ?

ಅಮೆರಿಕದಲ್ಲಿ ಯುದ್ಧದಿಂದ ಮರಳಿದ ಸೈನಿಕರ ಆಸ್ಪತ್ರೆಗಳಲ್ಲಿ ಬೆಳೆದ ವೃತ್ತಿ ಇದು. ಮಿಷಿಗನ್‌ನಲ್ಲಿ 1944ರಲ್ಲೇ ಇದಕ್ಕೊಂದು ಪದವಿ ಕೋರ್ಸ್ ಶುರುವಾಯ್ತು. ಹಾಡು ಬರೆಸುವ ವಿಧಾನಗಳ ಬಗ್ಗೆಯೇ ಟೋನಿ ವಿಗ್ರಮ್ ಮತ್ತು ಆಸ್ಟ್ರೇಲಿಯಾದ ಫೆಲಿಸಿಟಿ ಬೇಕರ್ 2005ರಲ್ಲಿ ಒಂದು ಪುಸ್ತಕ ಸಂಪಾದಿಸಿದರು. ಗೊತ್ತಿರುವ ಹಾಡಿನಲ್ಲಿ ಕೆಲವು ಪದ ತೆಗೆದು ಜಾಗ ಖಾಲಿ ಬಿಡೋದು, ರೋಗಿ ತನ್ನ ಪದ ತುಂಬೋದು. ಅಥವಾ ಹಳೇ ಟ್ಯೂನಿಗೆ ಪೂರ್ತಿ ಹೊಸ ಮಾತು. ಇಲ್ಲವೇ ಮಾತೂ ಟ್ಯೂನೂ ಎರಡೂ ಹೊಸದು. ಮಿದುಳಿಗೆ ಪೆಟ್ಟು ಬಿದ್ದವರು, ಕುಡಿತ ಬಿಡ್ತಿರುವವರು ಹೀಗೆ ಬರೀತಾರೆ. ಕೊನೆಯ ದಿನಗಳಲ್ಲಿರುವವರು ಮಕ್ಕಳಿಗೆ ಅಂತ ಒಂದು ಹಾಡು ರೆಕಾರ್ಡ್ ಮಾಡಿಟ್ಟು ಹೋಗ್ತಾರೆ.

ಈಗ ಯೋಚಿಸಿ. ಒಬ್ಬಾಕೆ ತನ್ನ ಹಾಡನ್ನು ಕೋಪದಲ್ಲೇ ಮುಗಿಸ್ತಾಳೆ. ಪ್ರಾಸ ಇಲ್ಲ, ಸಮಾಧಾನವೂ ಇಲ್ಲ. ಕೊನೆಗೆ 'ನಾಳೆ ಬೆಳಕು' ಅಂತ ಒಂದು ಸಾಲು ಸೇರಿಸಿದ್ರೆ ಕೇಳೋಕೆ ಹಿತ. ಆದ್ರೆ ಆ ಬೆಳಕು ಬೇಕಾಗಿದ್ದು ಯಾರಿಗೆ? ಅವಳ ಕೋಪದ ಎದುರು ಕೂರೋಕಾಗದ ನಮಗೆ.

ಹಾಗಂತ ಕೈಕಟ್ಟಿ ಕೂರೋದು ಗೌರವ ಅಲ್ಲ. ನಾಲ್ಕೇ ಮಾತು ಉಳಿದಿರುವವನಿಗೆ ಟ್ಯೂನು, ತಾಳ, ಒಂದೆರಡು ಪದ ಎಟುಕಿಸದಿದ್ರೆ ಹಾಡೇ ಹುಟ್ಟಲ್ಲ. ಹೇಗೆ ಹೇಳೋದು ಅನ್ನೋದಕ್ಕೆ ನೆರವು ಬೇಕು. ಏನು ಹೇಳೋದು ಅನ್ನೋದು ಅವನಿಗೇ ಬಿಟ್ಟದ್ದು. ತಿದ್ದಿದ ಸಾಲಿಗೆ 'ಇದು ನಂದಲ್ಲ, ಬೇಡ' ಅನ್ನೋಕೆ ಅವನಿಗೆ ಸಾಧ್ಯವಾಗಬೇಕು.

ಕಷ್ಟ ಇರೋದು ಅಲ್ಲೇ. ಆಸ್ಪತ್ರೆಯೊಳಗೆ ಕಾಲಿಟ್ಟರೆ ನಾವೆಲ್ಲ 'ಆಯ್ತು ಸಾರ್, ನೀವು ಹೇಳಿದಂಗೇ' ಅನ್ನುವವರು. 'ಹೀಗೆ ಬದಲಿಸೋಣ್ವಾ?' ಅಂತ ಕೇಳಿದ್ರೆ ಉತ್ತರ ಹೂಂ ಅಂತಲೇ ಬರುತ್ತೆ. ಅದನ್ನು ಒಪ್ಪಿಗೆ ಅಂತ ಎಣಿಸೋ ಹಾಗಿಲ್ಲ. ಅವನದೇ ಮೊದಲ ಸಾಲನ್ನೂ ಪಕ್ಕದಲ್ಲಿಟ್ಟು, ಎರಡನ್ನೂ ಹಾಡಿ ತೋರಿಸಿ, ಸುಮ್ಮನೆ ಕಾಯಬೇಕು.

ನಾವು ಚಿಕಿತ್ಸಕರಲ್ಲ, ನಿಜ. ಆದ್ರೂ ರಾತ್ರಿ ಹನ್ನೊಂದಕ್ಕೆ ಸ್ನೇಹಿತೆ ಉದ್ದದ ಮೆಸೇಜು ಕಳಿಸಿದಾಗ 'ಎಲ್ಲಾ ಸರಿಹೋಗುತ್ತೆ ಕಣೇ' ಅಂತ ಎರಡೇ ಸೆಕೆಂಡಿನಲ್ಲಿ ಟೈಪ್ ಮಾಡಿ ಮಲಗ್ತೀವಲ್ಲ, ಅದೂ ಅವಳ ಹಾಡಿಗೆ ನಾವು ಸೇರಿಸಿದ ಸಾಲೇ.